ಬ್ಯಾರನ್ ಒಲೆಯೂ ನಾರ್ವೆಯ ಚಳಿಯೂ

ಮುಂಗಾರು ಹಿಡಿದುಕೊಂಡು ಬ್ಯಾರನ್ನುಗಳಿಗೆ ಬೆಂಕಿ ಬೀಳುವ ದಿನಗಳು ಸಮೀಪಿಸಿದವೆಂದರೆ ನಮ್ಮ ಬೆಟ್ಟದ ಸಾಲಿನಿಂದ ಸೌದೆ ತುಂಬಿದ ಲಾರಿಗಳು ಕೆಳಗಿಳಿಯತೊಡಗುತ್ತವೆ. ಕುಶಾಲನಗರ ದಾಟಿ, ಬೈಲಕುಪ್ಪೆ, ಪಿರಿಯಾಪಟ್ಟಣ ಹಾದು, ಕಂಪಲಾಪುರದ ಆಚೀಚೆಯ ಹಳ್ಳಿಗಳ ಕಡೆಗೆ ಅವು ತಿರುಗಿಕೊಳ್ಳುತ್ತವೆ. ಅವುಗಳಲ್ಲಿ ಸಿಲ್ವರ್ ಓಕ್ ಇರುತ್ತದೆ, ಕಾಫಿ ತೋಟಗಳಲ್ಲಿ ಕಿತ್ತ ಹಳೆಯ ಗಿಡಗಳ ಬೊಡ್ಡೆ ಇರುತ್ತದೆ, ಹೆಸರು ಹೇಳಲಾಗದಂತೆ ತುಂಡರಿಸಿದ ಕಾಡುಮರವೂ ಕೆಲವೊಮ್ಮೆ ಇರುತ್ತದೆ. ಬಯಲಿನ ಕಡೆಯಿಂದ ಬರುವುದು ನೀಲಗಿರಿ, ಸರ್ವೆ, ಜಾಲಿ, ಹೊಲದ ಬದುವಿನ ಹುಣಸೆ ಮತ್ತು ಮಾವು. ಮೇಲಿನವರಾದ ನಾವು ಮರ ಬೀಳುವುದನ್ನು ನೋಡುತ್ತೇವೆ, ಕೆಳಗಿನವರು ಅದು ಉರಿಯುವುದನ್ನು ನೋಡುತ್ತಾರೆ. ಇಬ್ಬರೂ ಒಟ್ಟಿಗೆ ಕುಳಿತು ಈ ಲೆಕ್ಕವನ್ನು ಹಾಕಿದ್ದು ಕಡಿಮೆ.

ಕಳೆದ ಮಳೆಗಾಲದಲ್ಲಿ ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ಕಂಪಲಾಪುರದ ಸಮೀಪದ ಒಂದು ಹಳ್ಳಿಗೆ ಹೋಗಿದ್ದೆ. ಬ್ಯಾರನ್ನಿನ ಒಲೆಯ ಮುಂದೆ ನಿಂತಿದ್ದ ಹುಡುಗನೊಬ್ಬ ಮನೆಯ ಯಜಮಾನರನ್ನು ಕೇಳಿದ: 'ಯಜಮಾನ್ರೇ, ಹಿಮ ಬೀಳೋ ದೇಶಗಳಲ್ಲಿ ಮನೆ ಬೆಚ್ಚಗಿಡೋಕೆ ಸೌದೆ ಬಿಟ್ಟು ಹೀಟ್ ಪಂಪ್ ಇಟ್ಕೊಂಡಿದಾರಂತೆ. ನಿಮ್ಮ ಬ್ಯಾರನ್ನಿಗೆ ಅದು ಆಗಲ್ವಾ?' ಯಜಮಾನರು ಒಲೆಗೆ ಇನ್ನೊಂದು ಕೊರಡು ತಳ್ಳಿ, 'ಆಗ್ಲಿ ಬುಡಪ್ಪ, ಬ್ಯಾಡ ಅಂತೀನಾ. ಎಲೆ ಹಳದಿ ತಿರುಗೋ ಹೊತ್ನಲ್ಲಿ ಕರೆಂಟು ಹೋದ್ರೆ ನಿಮ್ಮ ಕಾಲೇಜ್ನೋರು ಬಂದು ಊದ್ತೀರಾ?' ಎಂದರು. ಎಲ್ಲರೂ ನಕ್ಕೆವು. ಆದರೆ ಹುಡುಗನ ಪ್ರಶ್ನೆಯೂ ಯಜಮಾನರ ಉತ್ತರವೂ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಎರಡೂ ನ್ಯಾಯವಾದವುಗಳೇ ಎಂಬುದು ನನ್ನ ಅಭಿಪ್ರಾಯ. ಅವೆರಡನ್ನೂ ಉಳಿಸಿಕೊಂಡು ಒಂದು ತೀರ್ಮಾನಕ್ಕೆ ಬರಲು ಸಾಧ್ಯವೇ ಎಂದು ನೋಡುವುದಕ್ಕಾಗಿ ಈ ಬರಹ.

ಮೊದಲು ಸೌದೆಯ ಲೆಕ್ಕ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳಲ್ಲಿ ಬೆಳೆಯುವ ಹೊಗೆಸೊಪ್ಪು ಬಹುಪಾಲು ಸಿಗರೇಟಿಗೆ ಹೋಗುವ ವರ್ಜೀನಿಯಾ ತಳಿ. ಅದನ್ನು ಬಿಸಿಲಿನಲ್ಲಿ ಒಣಗಿಸುವಂತಿಲ್ಲ. ಮುಚ್ಚಿದ ಬ್ಯಾರನ್ನಿನೊಳಗೆ ಕಬ್ಬಿಣದ ಕೊಳವೆಗಳ ಮೂಲಕ ಬಿಸಿ ಹಾಯಿಸಿ ಐದಾರು ದಿನ ಬೇಯಿಸಿದರೆ ಮಾತ್ರ ಎಲೆಗೆ ಬೇಕಾದ ಬಣ್ಣ ಬರುತ್ತದೆ. ಸಾಮಾನ್ಯ ಬ್ಯಾರನ್ನಿನಲ್ಲಿ ಒಂದು ಕೆ.ಜಿ. ಹದಗೊಂಡ ಎಲೆಗೆ ನಾಲ್ಕೈದು ಕೆ.ಜಿ. ಸೌದೆ ಉರಿಯುತ್ತದೆ. ತಂಬಾಕು ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಇಡೀ ಕರ್ನಾಟಕಕ್ಕೆ ಗೊತ್ತುಪಡಿಸುತ್ತ ಬಂದಿರುವ ಪ್ರಮಾಣ 10 ಕೋಟಿ ಕೆ.ಜಿ.ಯ ಆಸುಪಾಸಿನದು. ಅಷ್ಟೂ ಬೆಳೆದರೆ, ಕೆ.ಜಿ.ಗೆ ನಾಲ್ಕೇ ಎಂದು ಹಿಡಿದರೂ ಒಂದು ಹಂಗಾಮಿಗೆ 4 ಲಕ್ಷ ಟನ್ ಸೌದೆ ಬೇಕು. ಲಾರಿಗೆ ಹತ್ತು ಟನ್ನಿನಂತೆ ತುಂಬಿದರೆ ನಲವತ್ತು ಸಾವಿರ ಲಾರಿಗಳು. ಬೆಳೆ ಕಡಿಮೆಯಾದ ವರ್ಷ ಲಾರಿಗಳೂ ಕಡಿಮೆಯಾಗುತ್ತವೆ, ಅಷ್ಟೆ.

ಇಷ್ಟು ಸೌದೆ ನಿಜವಾಗಿ ಬೇಕೇ? ಇಲ್ಲಿ ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಕುಳಿತುಕೊಳ್ಳಬೇಕು. ಏಳು ಕೆ.ಜಿ. ಹಸಿ ಎಲೆ ಒಂದು ಕೆ.ಜಿ. ಒಣ ಎಲೆಯಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಆವಿಯಾಗಿ ಹೋಗಬೇಕಾದ ನೀರು ಆರು ಕೆ.ಜಿ. ಒಂದು ಕೆ.ಜಿ. ನೀರನ್ನು ಆವಿಯಾಗಿಸಲು ಸುಮಾರು 2.4 ಮೆಗಾಜೂಲ್ ಶಾಖ ಬೇಕಾದ್ದರಿಂದ ಆರು ಕೆ.ಜಿ.ಗೆ 14.4 ಮೆಗಾಜೂಲ್. ಗಾಳಿಗೆ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿರುವ ಶಾಖವೂ ಹೆಚ್ಚುಕಡಿಮೆ ಅಷ್ಟೇ, 15 ಮೆಗಾಜೂಲ್. ಅಂದರೆ ಒಂದು ಕೆ.ಜಿ. ಎಲೆಗೆ ನ್ಯಾಯವಾಗಿ ಸಲ್ಲಬೇಕಾದ್ದು ಒಂದೇ ಕೆ.ಜಿ. ಸೌದೆ. ಉಳಿದ ಮೂರು ನಾಲ್ಕು ಕೆ.ಜಿ. ಹೊಗೆಗೂಡಿನಿಂದ, ಹೆಂಚಿನ ಸಂದಿನಿಂದ, ಬಾಗಿಲ ಬಿರುಕಿನಿಂದ, ಹಸಿ ಸೌದೆಯ ನೀರು ಕುದಿಸುವುದರಲ್ಲಿ, ಗೋಡೆ ಕಾಯಿಸುವುದರಲ್ಲಿ ಕಳೆದುಹೋಗುತ್ತದೆ. ನಮ್ಮ ಬೆಟ್ಟದಿಂದ ಇಳಿದ ಪ್ರತಿ ನಾಲ್ಕು ಲಾರಿಗಳಲ್ಲಿ ಮೂರು ಹೊಗೆಸೊಪ್ಪಿಗೂ ಸೇರದೆ ಪಿರಿಯಾಪಟ್ಟಣದ ಆಕಾಶಕ್ಕೆ ಸೇರುತ್ತವೆ. ಈ ಒಂದು ಸಂಗತಿಯನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಮಾತೆಲ್ಲವೂ ಸುಲಭ.

ಇನ್ನು ಯಂತ್ರದ ವಿಷಯ. ಹೀಟ್ ಪಂಪ್ ಎಂಬುದು ಶಾಖವನ್ನು ಹುಟ್ಟಿಸುವುದಿಲ್ಲ. ಬಾವಿಯ ನೀರನ್ನು ಏತ ಎತ್ತುವಂತೆ ಅದು ತಣ್ಣನೆಯ ಜಾಗದಲ್ಲಿರುವ ಶಾಖವನ್ನು ಬೆಚ್ಚನೆಯ ಜಾಗಕ್ಕೆ ಎತ್ತುತ್ತದೆ. ಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಒಳಗಿನ ಹಾಲು ಸೊಪ್ಪಿನಿಂದ ಎತ್ತಿದ ಶಾಖವೇ ಅಲ್ಲಿ ಹೊರಬೀಳುತ್ತಿರುವುದು. ಎತ್ತುವ ಕೆಲಸಕ್ಕೆ ಒಂದು ಯೂನಿಟ್ ವಿದ್ಯುತ್ ಖರ್ಚಾದರೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್ಟಿನಷ್ಟು ಶಾಖ ಕೈಗೆ ಬರುತ್ತದೆ. ಈ ಅನುಪಾತವನ್ನೇ ತಯಾರಕರು ಸಿ.ಓ.ಪಿ. ಎಂದು ಕರೆಯುತ್ತಾರೆ.

ಬೆಟ್ಟದವರಿಗೆ ಕುತೂಹಲವೆನಿಸಬಹುದಾದ ಒಂದು ಇತಿಹಾಸ ಇದಕ್ಕಿದೆ. ಜಗತ್ತಿನ ಮೊದಲ ಹೀಟ್ ಪಂಪ್ ಯಾರ ಮನೆಯನ್ನೂ ಬೆಚ್ಚಗೆ ಮಾಡಲಿಲ್ಲ. 1850ರ ದಶಕದಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಸೆರಗಿನ ಎಬೆನ್ಸೀ ಎಂಬ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟ್ಟಿಂಗರ್ ಎಂಬ ಎಂಜಿನಿಯರ್ ಅದನ್ನು ಕಟ್ಟಿದ. ಉಪ್ಪುನೀರನ್ನು ಕುದಿಸಿ ಉಪ್ಪು ತೆಗೆಯಲು ಅಲ್ಲಿ ಬೆಟ್ಟದ ಮರಗಳೇ ಸೌದೆಯಾಗುತ್ತಿದ್ದವು. ಮೇಲೇಳುವ ಆವಿಯನ್ನು ಸುಮ್ಮನೆ ಬಿಡುವ ಬದಲು, ಹರಿಯುವ ನೀರಿನ ಬಲದಿಂದ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡಿ, ಅದೇ ಶಾಖವನ್ನು ಮತ್ತೆ ಕಡಾಯಿಗೆ ಕೊಡುವುದು ಅವನ ಯೋಚನೆ. ಉಪ್ಪಿನ ಹೆಕ್ಕಳ ಕಟ್ಟಿಕೊಂಡು ಯಂತ್ರ ತೊಂದರೆ ಕೊಟ್ಟಿತು, ಬಹುಕಾಲ ನಡೆಯಲಿಲ್ಲ. ಆದರೂ ಸೌದೆ ಉಳಿಸಲೆಂದು, ನೀರು ಆವಿಯಾಗಿಸುವ ಕೆಲಸಕ್ಕೆಂದು ಒಂದು ಬೆಟ್ಟದ ಊರಿನಲ್ಲಿ ಹುಟ್ಟಿದ ಯಂತ್ರ ಇದು. ನಮ್ಮ ಬ್ಯಾರನ್ನಿನ ಕೆಲಸವೂ ನೀರು ಆವಿಯಾಗಿಸುವುದೇ.

ಇಂದು ಮನೆಗಳ ಲೆಕ್ಕದಲ್ಲಿ ಇದನ್ನು ಅತಿ ಹೆಚ್ಚು ಬಳಸುವವರು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನ ಜನ. ಕೊರೆಯುವ ಚಳಿಯಲ್ಲಿ ಹೀಟ್ ಪಂಪ್ ಕೆಲಸ ಮಾಡುವುದೇ ಇಲ್ಲ ಎಂಬ ಮಾತನ್ನು ಅವರು ಸುಳ್ಳು ಮಾಡಿದ್ದಾರೆ. ಮಾಡಿದ ರೀತಿಯಿಂದ ನಾವು ಕಲಿಯುವುದಿದೆ. ಏತದ ಮಾತಿಗೇ ಮರಳುವುದಾದರೆ, ಬಾವಿ ಆಳವಾದಷ್ಟೂ ಎತ್ತುವವನ ಬೆವರು ಹೆಚ್ಚು. ಹೀಟ್ ಪಂಪಿಗೆ ಬಾವಿಯ ಆಳವೆಂದರೆ ಶಾಖ ತೆಗೆಯುವ ಜಾಗಕ್ಕೂ ಕೊಡುವ ಜಾಗಕ್ಕೂ ಇರುವ ಉಷ್ಣತೆಯ ಅಂತರ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದು ಒಳಗೆ 35 ಡಿಗ್ರಿಯ ಬಿಸಿ ಕೊಡಬೇಕಾದರೆ ಅಂತರ 50 ಡಿಗ್ರಿ. ಈಗ ಕಂಪಲಾಪುರಕ್ಕೆ ಬನ್ನಿ. ಆಗಸ್ಟಿನಲ್ಲಿ ಹೊರಗಾಳಿ 22 ಡಿಗ್ರಿ ಎಂದಿಟ್ಟುಕೊಳ್ಳಿ. ಎಲೆಯ ನಡುದಂಟು ಒಣಗುವ ಕೊನೆಯ ಹಂತದಲ್ಲಿ ಬ್ಯಾರನ್ನಿನೊಳಗೆ 70 ಡಿಗ್ರಿ ಇರಬೇಕು. ಅಂತರ 48 ಡಿಗ್ರಿ! ಹಿಮವನ್ನೇ ಕಾಣದ ನಮ್ಮ ಅರೆಮಲೆನಾಡಿನ ಬ್ಯಾರನ್ ಯಂತ್ರದ ಕಣ್ಣಿಗೆ ನಾರ್ವೆಯ ಕಡುಚಳಿಗಾಲದಂತೆಯೇ ಕಾಣುತ್ತದೆ. ಆದ್ದರಿಂದ ಚಳಿದೇಶದವರು ಹೀಟ್ ಪಂಪ್ ಆರಿಸುವಾಗ ಕೇಳುವ ಪ್ರಶ್ನೆಗಳನ್ನೇ ನಾವೂ ಕೇಳಬೇಕಾಗುತ್ತದೆ.

ಅವರು ಕೇಳುವ ಮೊದಲ ಪ್ರಶ್ನೆ, ಯಂತ್ರದ ಮೇಲೆ ಮುದ್ರಿಸಿದ ಸಿ.ಓ.ಪಿ. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದು. ಯುರೋಪಿನಲ್ಲಿ ಹೊರಗೆ 7 ಡಿಗ್ರಿ, ಒಳಗೆ ಹರಿಯುವ ನೀರು 35 ಡಿಗ್ರಿ ಇದ್ದಾಗಿನ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕುವ ರೂಢಿಯಿದೆ. ಅದು ಸುಲಭದ ಪರೀಕ್ಷೆ. ತಿಳಿದ ಕೊಳ್ಳುಗರು ಕಠಿಣ ಚಳಿಯಲ್ಲಿ ಬಂದ ಅಂಕಿಯನ್ನು ಕೇಳುತ್ತಾರೆ. ನಮ್ಮಲ್ಲಿಗೆ ಬರುವ ಮಾರಾಟಗಾರ 'ನಾಲ್ಕು ಪಟ್ಟು ಶಾಖ ಬರುತ್ತೆ ಸಾರ್' ಎಂದರೆ ಅದು ಸುಳ್ಳಾಗಿರಲಾರದು, ಎಲೆ ಹಳದಿಗೆ ತಿರುಗುವ 35ರಿಂದ 40 ಡಿಗ್ರಿಯ ಹಂತದಲ್ಲಿ ಅದು ನಿಜವಿದ್ದೀತು. ನಡುದಂಟಿನ ಹಂತದಲ್ಲಿ ಅದೇ ಯಂತ್ರ ಎರಡರ ಆಸುಪಾಸಿಗೆ ಇಳಿಯುತ್ತದೆ. ಆದಕಾರಣ 40, 55 ಮತ್ತು 70 ಡಿಗ್ರಿಗಳಲ್ಲಿ ಅಳೆದ ಮೂರು ಅಂಕಿಗಳನ್ನು ಬರವಣಿಗೆಯಲ್ಲಿ ಕೊಡದವನಿಂದ ಯಂತ್ರ ಕೊಳ್ಳಕೂಡದು.

ಎರಡನೆಯದು ಒಳಗೆ ಸುತ್ತುವ ಅನಿಲದ ಪ್ರಶ್ನೆ. ಪ್ರತಿ ಅನಿಲಕ್ಕೂ ಒಂದು ಮೇಲ್ಮಿತಿಯಿದೆ, ಅದನ್ನು ದಾಟಿದ ಮೇಲೆ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ, ಶಾಖವನ್ನು ಸರಿಯಾಗಿ ಬಿಟ್ಟುಕೊಡುವುದೂ ಇಲ್ಲ. ಮನೆಯ ಏಸಿಗಳಲ್ಲಿ ಬಳಕೆಯಲ್ಲಿರುವ ಆರ್-410ಎ ಅನಿಲಕ್ಕೆ ಈ ಮಿತಿ 71 ಡಿಗ್ರಿಯ ಹತ್ತಿರ, ಆರ್-32ಕ್ಕೆ 78. ಗಾಳಿಯನ್ನು 70 ಡಿಗ್ರಿಗೆ ಒಯ್ಯಬೇಕಾದರೆ ಅನಿಲ ಅದಕ್ಕಿಂತ ಸಾಕಷ್ಟು ಬಿಸಿಯಾಗಿಯೇ ಇರಬೇಕಾದ್ದರಿಂದ ಇವು ಆ ಕೆಲಸಕ್ಕೆ ಬಾರವು. ಏಸಿಯನ್ನೇ ತಿರುಗಿಸಿಟ್ಟು 'ಬ್ಯಾರನ್ ಯಂತ್ರ'ವೆಂದು ಮಾರುವವರು ಬಂದರೆ ಈ ಅಂಕಿ ನೆನಪಿರಲಿ. ಆರ್-134ಎ ಮತ್ತು ಪ್ರೋಪೇನ್‌ಗಳ ಮಿತಿ ನೂರು ಡಿಗ್ರಿಯ ಆಸುಪಾಸಿನದು. ಆದರೆ ಆರ್-134ಎ ಸೋರಿ ಹೊರಬಿದ್ದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಬಲಶಾಲಿ, ಆರ್-410ಎ ಎರಡು ಸಾವಿರ ಪಟ್ಟು. ಇಂಥ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಪ್ರೋಪೇನ್ ನಮ್ಮ ಅಡುಗೆ ಅನಿಲದ ಬಂಧುವೇ, ವಾತಾವರಣಕ್ಕೆ ಸೌಮ್ಯ, ಬೆಂಕಿಗೆ ಮಾತ್ರ ಜೋಪಾನ. ಯಂತ್ರವನ್ನು ಒಲೆಯಿಂದ ದೂರ, ಬಯಲಿನಲ್ಲಿ ಕೂರಿಸಬೇಕು.

ಮೂರನೆಯ ಪ್ರಶ್ನೆಯಲ್ಲಿ ನಾವು ನಾರ್ವೆಯವರಿಗಿಂತ ಪುಣ್ಯವಂತರು. ಅವರ ಯಂತ್ರದ ಹೊರಸುರುಳಿಯ ಮೇಲೆ ಚಳಿಗೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಹಿಮ್ಮುಖವಾಗಿ ಓಡಬೇಕು. ನಮ್ಮ ಮುಂಗಾರಿನ ಗಾಳಿ ತೇವದಿಂದ ತುಂಬಿದ್ದರೂ ಬೆಚ್ಚಗಿದೆ, ಆ ಕಾಟವಿಲ್ಲ. ಮೇಲಾಗಿ ನಮಗೆ ಇನ್ನೊಂದು ಅನುಕೂಲವಿದೆ. ಬ್ಯಾರನ್ನಿನಿಂದ ಹೊರಹೋಗುವ ಗಾಳಿ ಬಿಸಿಯಾದ ಆವಿಯಿಂದ ತುಂಬಿರುತ್ತದೆ. ಹೊರಗಾಳಿಯ ಬದಲು ಆ ಆವಿಯಿಂದಲೇ ಶಾಖವನ್ನು ಹಿಂದಕ್ಕೆಳೆದು ಒಣಗಿದ ಗಾಳಿಯನ್ನು ಮತ್ತೆ ಎಲೆಗಳ ನಡುವೆ ಹಾಯಿಸುವ ಯಂತ್ರಗಳಿವೆ. ಬಾವಿಯ ಆಳ ಅರ್ಧಕ್ಕೂ ಕಡಿಮೆಯಾಗುತ್ತದೆ. ಆರಂಭದಲ್ಲಿ ಆವಿ ಕಡಿಮೆಯಿರುವುದರಿಂದ ಹೊರಗಾಳಿಯಿಂದಲೂ ಆವಿಯಿಂದಲೂ ಎರಡೂ ಬಗೆಯಲ್ಲಿ ಶಾಖ ತೆಗೆಯಬಲ್ಲ ಯಂತ್ರವೇ ನಮಗೆ ತಕ್ಕದ್ದು. ಮುನ್ನೂರು ಕೆ.ಜಿ. ಒಣ ಎಲೆಯ ಒಂದು ಬೇಯುವಿಕೆಯಲ್ಲಿ ಸಾವಿರದ ಎಂಟುನೂರು ಲೀಟರ್ ನೀರು ಎಲೆಯಿಂದ ಹೊರಡುತ್ತದೆ. ಇಂದು ಅದು ಕಣ್ಣಿಗೆ ಕಾಣದೆ ಹೋಗುತ್ತಿದೆ. ಇಂಥ ಯಂತ್ರವಿದ್ದರೆ ಅದರ ಬಹುಪಾಲು ನಲ್ಲಿಯಿಂದ ಹನಿಯುತ್ತ ಬರುತ್ತದೆ. ಚೀನಾದ ಹೊಗೆಸೊಪ್ಪಿನ ಸೀಮೆಗಳಾದ ಯುನ್ನಾನ್, ಗ್ವೀಝೌ ಮುಂತಾದ ಕಡೆ ಕಲ್ಲಿದ್ದಲಿನ ಒಲೆಗಳ ಜಾಗಕ್ಕೆ ಹೀಟ್ ಪಂಪ್ ಬ್ಯಾರನ್ನುಗಳು ಬಂದಿವೆ. ಆದ್ದರಿಂದ ಇದು ಪ್ರಯೋಗಾಲಯದ ಕನಸೆಂದು ಯಾರೂ ತಳ್ಳಿಹಾಕುವಂತಿಲ್ಲ. ಅಲ್ಲಿನ ಬ್ಯಾರನ್ನುಗಳು ಫ್ಯಾನಿನಿಂದ ಗಾಳಿ ನುಗ್ಗಿಸುವ, ಭದ್ರವಾಗಿ ಮುಚ್ಚಿದ ಕೋಣೆಗಳು. ನಮ್ಮವು ಬಿಸಿ ತಾನಾಗಿ ಮೇಲೇರುವ ಹೆಂಚಿನ ಮನೆಗಳು. ಈ ವ್ಯತ್ಯಾಸವನ್ನು ಮರೆತರೆ ಸಾಲ ಮಾತ್ರ ಉಳಿಯುತ್ತದೆ.

ಈಗ ಯಜಮಾನರ ಪ್ರಶ್ನೆಗೆ ಬರೋಣ. ಕರೆಂಟು ಹೋದರೆ?

ನನ್ನ ಅಂದಾಜಿನ ಲೆಕ್ಕ ಹೀಗಿದೆ. ಒಂದು ಕೆ.ಜಿ. ಎಲೆಯ ನೀರಿಗೆ ಬೇಕಾದ 14.4 ಮೆಗಾಜೂಲ್ ಎಂದರೆ ನಾಲ್ಕು ಯೂನಿಟ್ ಶಾಖ. ಗೋಡೆ ಮಾಡಿನ ಸೋರಿಕೆ ಸೇರಿಸಿ ಏಳೆಂಟು ಎನ್ನಿ. ಯಂತ್ರ ಸರಾಸರಿ ಮೂರು ಪಟ್ಟು ಕೊಟ್ಟರೆ ವಿದ್ಯುತ್ ಎರಡೂವರೆ ಯೂನಿಟ್. ಮುನ್ನೂರು ಕೆ.ಜಿ.ಗೆ 750 ಯೂನಿಟ್. ಐದು ದಿನಗಳಿಗೆ ಹಂಚಿದರೆ ಹಗಲಿರುಳೂ ಆರು ಕಿಲೋವಾಟಿಗಿಂತ ಸ್ವಲ್ಪ ಹೆಚ್ಚು ಹೊರೆ, ಒಮ್ಮೊಮ್ಮೆ ಅದರ ಒಂದೂವರೆ ಪಟ್ಟು. ಇಷ್ಟಕ್ಕೆ ತ್ರೀ-ಫೇಸ್ ಬೇಕು, ಮತ್ತು ಅದು ನಿಲ್ಲಬಾರದು. ಆದರೆ ನಮ್ಮ ಹೊಲಗಳ ಪಂಪ್‌ಸೆಟ್ ಮಾರ್ಗಗಳಿಗೆ ಸರ್ಕಾರ ಹೇಳುವುದೇ ದಿನಕ್ಕೆ ಏಳು ಗಂಟೆ ತ್ರೀ-ಫೇಸ್. ಊರಿನ ಮನೆಗಳ ಮಾರ್ಗದಲ್ಲಿ ದಿನವಿಡೀ ಬರುವುದು ದೀಪಕ್ಕೂ ಮಿಕ್ಸಿಗೂ ಸಾಕಾಗುವ ಸಿಂಗಲ್ ಫೇಸ್. ಹತ್ತು ಬ್ಯಾರನ್ನುಗಳು ಒಟ್ಟಿಗೆ ನಡೆದರೆ ಅರವತ್ತು ಕಿಲೋವಾಟ್ ದಾಟುತ್ತದೆ. ಹಳ್ಳಿಯ 63 ಕೆವಿಎ ಪರಿವರ್ತಕ ಅದೊಂದಕ್ಕೇ ಸಾಲದು. ಅದರ ಮೇಲೆ ಮಳೆಗಾಲದ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಇದೇ ಮೂರು ತಿಂಗಳಲ್ಲಿ. ಹಳದಿಗೆ ತಿರುಗಿದ ಎಲೆಯ ಬಣ್ಣವನ್ನು ನಿಲ್ಲಿಸುವ ಹೊತ್ತಿನಲ್ಲಿ ಕೆಲವು ಗಂಟೆ ಬಿಸಿ ತಪ್ಪಿದರೆ ಎಲೆ ಕಂದು ತಿರುಗುತ್ತದೆ, ಹರಾಜು ಕಟ್ಟೆಯಲ್ಲಿ ದರ ಬಿದ್ದುಹೋಗುತ್ತದೆ. ವರ್ಷದ ದುಡಿಮೆಯನ್ನು ಒಂದು ತಂತಿಗೆ ಕಟ್ಟಿಡಿ ಎಂದು ಬೆಳೆಗಾರನಿಗೆ ಹೇಳುವ ಹಕ್ಕು ನಮಗಾರಿಗೂ ಇಲ್ಲ.

ಇನ್ನೊಂದು ಮಾತು. ಬೆಟ್ಟದವರಾದ ನಾವು ವಿದ್ಯುತ್ತನ್ನು ಪರಿಶುದ್ಧವೆಂದು ಹಾಡಿ ಹೊಗಳಲಾರೆವು. ಲಿಂಗನಮಕ್ಕಿಯ ನೀರಿನಡಿ ಮುಳುಗಿದ ಊರುಗಳವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ನಾರ್ವೆಯ ಯಂತ್ರಗಳು ಓಡುವುದು ಬಹುಮಟ್ಟಿಗೆ ಜಲವಿದ್ಯುತ್ತಿನಿಂದ. ನಮ್ಮ ತಂತಿಯಲ್ಲಿ ಶರಾವತಿಯ ನೀರಿನ ಜೊತೆಗೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲೂ, ಪಾವಗಡದ ಬಿಸಿಲೂ ಹರಿಯುತ್ತವೆ. ಆದರೂ ತೂಕ ಹಾಕಿ ನೋಡಿ. ಎರಡೂವರೆ ಯೂನಿಟ್ಟಿನಷ್ಟೂ ಕಲ್ಲಿದ್ದಲಿನಿಂದಲೇ ಬಂದಿತೆಂದು ಅತಿ ಕೆಟ್ಟದ್ದನ್ನು ಊಹಿಸಿದರೂ ಉರಿಯುವ ಕಲ್ಲಿದ್ದಲು ಎರಡು ಕೆ.ಜಿ.ಯ ಒಳಗೆ. ಇತ್ತ ನಾಲ್ಕು ಕೆ.ಜಿ. ಮರ. ಮರ ಮತ್ತೆ ಬೆಳೆಯುತ್ತದೆ ಎಂದು ವಾದಿಸುವವರು ಹಂಗಾಮಿಗೆ ನಲವತ್ತು ಸಾವಿರ ಲಾರಿಯಷ್ಟು ಎಲ್ಲಿ ಬೆಳೆಯುತ್ತಿದೆ ಎಂದು ತೋರಿಸಿಕೊಡಲಿ.

ಹೀಗಾಗಿ ನನ್ನ ನಿಲುವು ನಡುದಾರಿಯದು, ಆದರೆ ಅದು ಅಳುಕಿನಿಂದ ಹುಟ್ಟಿದ್ದಲ್ಲ, ಲೆಕ್ಕದಿಂದ ಹುಟ್ಟಿದ್ದು. ಎಲೆ ಹಳದಿ ತಿರುಗಿ, ಬಣ್ಣ ನಿಂತು, ಎಲೆಯ ಹಾಳೆಯ ಭಾಗ ಒಣಗುವವರೆಗೆ ಬೇಕಾದ ಬಿಸಿ 55 ಡಿಗ್ರಿಯೊಳಗಿನದು. ಎಲೆಯ ಬಹುಪಾಲು ನೀರು ಅಷ್ಟರಲ್ಲೇ ಹೋಗಿರುತ್ತದೆ. ಹೀಟ್ ಪಂಪ್ ಅಗ್ಗವಾಗಿ ದುಡಿಯುವುದೂ ಅಲ್ಲಿಯವರೆಗೇ. ಅಲ್ಲಿಂದ 70ಕ್ಕೆ ಏರಿಸಿ ನಡುದಂಟು ಒಣಗಿಸುವ ಕೊನೆಯ ಒಂದೂವರೆ ಎರಡು ದಿನದ ಕೆಲಸವನ್ನು ಈಗಿರುವ ಒಲೆಗೇ ಬಿಡೋಣ. ಒಲೆಯನ್ನು ಕೆಡವದೆ ಉಳಿಸಿಕೊಂಡರೆ ಕರೆಂಟು ಹೋದ ರಾತ್ರಿಯ ಪ್ರಶ್ನೆಗೂ ಉತ್ತರ ಸಿಕ್ಕಿದಂತಾಯಿತು. ಒಂದು ಗಾಡಿ ಒಣಸೌದೆ ಪಕ್ಕದಲ್ಲಿರಲಿ. 70 ಡಿಗ್ರಿಯ ದುಬಾರಿ ಯಂತ್ರವನ್ನು ಯಾರೂ ಕೊಳ್ಳಬೇಕಾಗಿಲ್ಲ, 55–60 ಡಿಗ್ರಿಯದು ಸಾಕು. ನಾರ್ವೆಯಲ್ಲೂ ಹೀಟ್ ಪಂಪ್ ಇಟ್ಟ ಎಷ್ಟೋ ಮನೆಗಳಲ್ಲಿ ಸೌದೆಯ ಒಲೆ ಮೂಲೆಯಲ್ಲಿ ಹಾಗೆಯೇ ಇದೆ, ಅತಿ ಚಳಿಯ ರಾತ್ರಿಗೆಂದು. ಅವರೂ ನಮ್ಮ ಯಜಮಾನರಂತೆಯೇ ಯೋಚಿಸಿದ್ದಾರೆ!

55 ಡಿಗ್ರಿಯ ಯಂತ್ರವನ್ನೇ ಕೊಳ್ಳಿ ಎನ್ನಲು ನನಗೆ ಇನ್ನೊಂದು ಕಾರಣವಿದೆ. ನಮ್ಮ ಬಳಗದ ಗೆಳೆಯರು ಅನೇಕರು ಕೇಳುತ್ತಾರೆ: ಹೊಗೆಸೊಪ್ಪೆಂಬ ಬೆಳೆಯೇ ಬೇಡವೆನ್ನುವ ನಾವು ಅದರ ಬ್ಯಾರನ್ನನ್ನು ಉದ್ಧಾರ ಮಾಡಲು ಹೊರಡುವುದು ಎಷ್ಟು ಸರಿ? ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 2004ರಲ್ಲಿ. ಇಪ್ಪತ್ತು ವರ್ಷಗಳಿಗೂ ಮೇಲಾಯಿತು, ಬ್ಯಾರನ್ನುಗಳು ಇನ್ನೂ ಹೊಗೆಯಾಡುತ್ತಿವೆ. ಮಂಡಳಿ, ಹರಾಜು, ಕೈಗೆ ಬರುವ ಹಣ ಇವು ಬೇರೆ ಬೆಳೆಗಿಲ್ಲದಿರುವವರೆಗೆ ಬೆಳೆಗಾರ ಅದನ್ನು ಬಿಡಲಾರ. ಬಿಡುವ ದಿನ ಬಂದಾಗ ಅವನ ಕೈಯಲ್ಲಿ ಏನಿರುತ್ತದೆ? ಕೊಳವೆ ಒಲೆಯ ಬ್ಯಾರನ್ ಹೊಗೆಸೊಪ್ಪಿಗಲ್ಲದೆ ಬೇರೆ ಉಪಯೋಗಕ್ಕೆ ಹೆಚ್ಚು ಬಾರದು. 45ರಿಂದ 60 ಡಿಗ್ರಿಯ ಒಣಗಾಳಿ ಕೊಡುವ ಯಂತ್ರವಾದರೋ ಶುಂಠಿ, ಅರಿಸಿನ, ಮೆಣಸಿನಕಾಯಿ, ಬಾಳೆ, ನಮ್ಮ ಬೆಟ್ಟದ ಏಲಕ್ಕಿ, ಕಾಳುಮೆಣಸು ಎಲ್ಲವನ್ನೂ ಒಣಗಿಸಬಲ್ಲದು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಶುಂಠಿಯ ಹೊಲಗಳು ಕಡಿಮೆಯೇನಿಲ್ಲ. ದರ ಬಿದ್ದ ವರ್ಷ ಹಸಿ ಶುಂಠಿಯನ್ನು ಮಣ್ಣಿನಲ್ಲೇ ಬಿಟ್ಟವರನ್ನೂ ಕಂಡಿದ್ದೇನೆ. ಒಣಶುಂಠಿ ಮಾಡಿಟ್ಟುಕೊಳ್ಳುವ ಸೌಕರ್ಯ ಊರಿನಲ್ಲೇ ಇದ್ದಿದ್ದರೆ! ಹೊಗೆಸೊಪ್ಪು ಹೋದ ಮೇಲೂ ಊರಿಗೆ ಉಳಿಯುವ ಆಸ್ತಿಯೆಂಬ ಒಂದೇ ಕಾರಣದಿಂದ ನಾನು ಈ ಯಂತ್ರದ ಪರವಾಗಿ ಬರೆಯುತ್ತಿದ್ದೇನೆ. ಸಹಾಯಧನ ಕೊಡುವವರು ಬರೀ 70 ಡಿಗ್ರಿಯ ಹೊಗೆಸೊಪ್ಪಿನ ಯಂತ್ರಕ್ಕೆ ಕೊಡುತ್ತೇವೆಂದರೆ ನಾವು ವಿರೋಧಿಸಬೇಕು.

ಯಾರು ಕೊಳ್ಳಬೇಕೆಂಬುದು ಉಳಿದ ಪ್ರಶ್ನೆ. ಒಂದು ಬ್ಯಾರನ್ನಿನ ಸಣ್ಣ ಹಿಡುವಳಿದಾರನಿಗೆ ಲಕ್ಷಗಳ ಮಾತು ಹೊರೆಯೇ. ಪರವಾನಗಿ ಇದ್ದವನಿಗೆ ಬ್ಯಾಂಕ್ ಸಾಲ ಕೊಟ್ಟೀತು, ಅವನ ಹೊಲ ಗುತ್ತಿಗೆ ಮಾಡುವವನಿಗೆ ಅದೂ ಇಲ್ಲ. ಹಾಲಿನ ಡೇರಿಯನ್ನು ಊರೊಟ್ಟಿಗೆ ನಡೆಸುತ್ತಿರುವ ನಮ್ಮ ಹಳ್ಳಿಗಳಿಗೆ ನಾಲ್ಕೈದು ಬ್ಯಾರನ್ನುಗಳ ಒಂದು ಗುಂಪು ಮಾಡಿಕೊಂಡು, ಒಂದು ಪ್ರತ್ಯೇಕ ಪರಿವರ್ತಕ ಹಾಕಿಸಿಕೊಂಡು, ಸರದಿಯಲ್ಲಿ ಬೇಯಿಸುವುದು ಅಸಾಧ್ಯವಾಗಬಾರದು. ಅರ್ಜಿ ಹಾಕುವ ಮೊದಲು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಒಂದು ವಿಷಯವನ್ನು ಬರವಣಿಗೆಯಲ್ಲಿ ಪಡೆಯಬೇಕು: ಬ್ಯಾರನ್ನಿನ ಈ ಹೊರೆ ಯಾವ ದರಪಟ್ಟಿಗೆ ಸೇರುತ್ತದೆ? 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಎಲೆ ಒಣಗಿಸುವುದನ್ನು ಕೃಷಿಯೆಂದು ಒಪ್ಪುತ್ತಾರೋ ಕೈಗಾರಿಕೆಯೆನ್ನುತ್ತಾರೋ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಯೂನಿಟ್ಟಿನ ದರವನ್ನು ಎರಡೂವರೆಯಿಂದ ಗುಣಿಸಿ, ನಿಮ್ಮ ಊರಿನ ಸೌದೆಯ ಕೆ.ಜಿ. ದರವನ್ನು ನಾಲ್ಕರಿಂದ ಗುಣಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಲೆಯ ಮುಂದೆ ರಾತ್ರಿ ಕಾಯುವವರ ಕೂಲಿಯನ್ನೂ ಸೇರಿಸಿ. ಮನೆಯವರೇ ಕಾದರೆ ಕೂಲಿ ಇಲ್ಲವೆಂದು ಬಿಡಬೇಡಿ, ನಿದ್ದೆಗೆಟ್ಟು ಹೊಗೆ ಕುಡಿಯುವ ಹೆಂಗಸರದ್ದೂ ದುಡಿಮೆಯೇ.

ಬೆಟ್ಟದ ಓದುಗರಿಗೆ ಸಂಬಂಧಿಸಿದ ಒಂದು ಸಣ್ಣ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬಚ್ಚಲೊಲೆಯ ಹಂಡೆಗೂ ಇದೇ ಲೆಕ್ಕ ಸಲ್ಲುತ್ತದೆ. 20 ಡಿಗ್ರಿಯ ನೀರನ್ನು 50ಕ್ಕೆ ಒಯ್ಯುವುದು ಹೀಟ್ ಪಂಪಿಗೆ ಬ್ಯಾರನ್ನಿಗಿಂತ ಬಲು ಹಗುರದ ಕೆಲಸ. ಬಿಡಿ ಮನೆಗಳು ತೋಟದ ಚದುರಿದ ಕಡ್ಡಿ ಪುಳ್ಳೆಯಲ್ಲಿ ಸ್ನಾನದ ನೀರು ಕಾಯಿಸಿಕೊಳ್ಳುತ್ತಿದ್ದರೆ ಅದನ್ನು ಬದಲಿಸುವ ಅವಸರ ನನಗೆ ಕಾಣುವುದಿಲ್ಲ. ನೂರಾರು ಮಕ್ಕಳಿಗೆ ದಿನವೂ ನೀರು ಕಾಯಿಸುವ ವಸತಿಶಾಲೆ, ವಿದ್ಯಾರ್ಥಿನಿಲಯಗಳಲ್ಲಿ, ಸೂರ್ಯನೇ ಕಾಣದ ಜುಲೈ ಆಗಸ್ಟಿನಲ್ಲಿ ಸೋಲಾರ್ ಕೈಕೊಡುವ ಕಡೆಗಳಲ್ಲಿ, ಮೊದಲ ಯಂತ್ರ ಬರಬೇಕು. ಅದನ್ನು ನೋಡಿ, ಮುಟ್ಟಿ, ಅದರ ಮೀಟರ್ ಓದಿ ಕಲಿತ ಹುಡುಗರೇ ನಾಳೆ ಬ್ಯಾರನ್ನಿನ ಯಂತ್ರವನ್ನೂ ರಿಪೇರಿ ಮಾಡಬಲ್ಲರು. ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕಾದ ಯಂತ್ರ ಎಷ್ಟು ಒಳ್ಳೆಯದಾದರೂ ನಮ್ಮದಲ್ಲ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ, ಯಾವ ಸಹಾಯಧನವೂ ಬೇಡದ ಕೆಲಸವೊಂದಿದೆ. ಚಳಿದೇಶಗಳಲ್ಲಿ ಹೀಟ್ ಪಂಪ್ ಕೊಳ್ಳುವ ಮುನ್ನ ಮನೆಯ ಗೋಡೆ, ಕಿಟಕಿ, ಮಾಡುಗಳನ್ನು ಬಿಗಿ ಮಾಡಿಕೊಳ್ಳಿ ಎಂದು ತಿಳಿದವರು ಹೇಳುತ್ತಾರೆ. ಸೋರುವ ಮನೆಗೆ ಎಷ್ಟು ದೊಡ್ಡ ಯಂತ್ರವೂ ಸಾಲದು, ಬಿಗಿಯಾದ ಮನೆಗೆ ಸಣ್ಣ ಯಂತ್ರವೂ ಸಾಕು. ನಮ್ಮ ಬ್ಯಾರನ್ನಿನಲ್ಲಿ ಕೊಳವೆಗಳ ಕೀಲುಗಳನ್ನು ಬಿಗಿ ಮಾಡುವುದು, ಬಾಗಿಲ ಚೌಕಟ್ಟಿಗೆ ಪಟ್ಟಿ ಹೊಡೆಯುವುದು, ಗೋಡೆಯ ಬಿರುಕಿಗೆ ಮಣ್ಣು ಮೆತ್ತುವುದು, ಹೆಂಚಿನ ಕೆಳಗೆ ಬಿಸಿ ತಡೆಯುವ ಒಂದು ಪದರ ಕೂರಿಸುವುದು, ಸೌದೆಯನ್ನು ಬೇಸಗೆಯಲ್ಲೇ ಸೀಳಿ ನೆರಳಿನಲ್ಲಿ ಒಣಗಿಸಿಡುವುದು, ಇಷ್ಟನ್ನು ಮಾಡಿದರೆ ನಾಲ್ಕೈದು ಕೆ.ಜಿ.ಯ ಸೌದೆ ಮೂರರ ಹತ್ತಿರಕ್ಕೆ ಬರುತ್ತದೆ. ಹೀಟ್ ಪಂಪ್ ಬರಲಿ, ಬಾರದಿರಲಿ, ನಾಲ್ಕರಲ್ಲಿ ಒಂದು ಲಾರಿ ಬೆಟ್ಟದಲ್ಲೇ ನಿಂತಂತಾಯಿತು.

ಸೋರುವುದೆಲ್ಲಿ ಎಂದು ತಿಳಿಯುವ ಬಗೆಯನ್ನು ನಾವು ಹೋಗಿದ್ದ ಹಳ್ಳಿಯ ಅಜ್ಜಿಯೊಬ್ಬರು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಸಸಿ ನಾಟಿ ಮುಗಿದು ಬ್ಯಾರನ್ ಇನ್ನೂ ಖಾಲಿಯಿರುವಾಗ, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಒಳಗೆ ದೊಡ್ಡ ಬಲ್ಬು ಹಚ್ಚಿಟ್ಟು, ಬಾಗಿಲು, ಮೇಲಿನ ಗಾಳಿಕಿಂಡಿ, ಕೆಳಗಿನ ಗಾಳಿಕಿಂಡಿ ಎಲ್ಲವನ್ನೂ ಮುಚ್ಚಿ, ಹೊರಗೆ ಒಂದು ಸುತ್ತು ಬನ್ನಿ. ಬೆಳಕು ಕಂಡ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಬೆಳಗಾದ ಮೇಲೆ ಸಗಣಿ ಬೆರೆಸಿದ ಮಣ್ಣು ಕಲಸಿಕೊಂಡು ಹೋಗಿ. ಅಂದು ಹುಡುಗರು ಸುತ್ತು ಬಂದ ಬ್ಯಾರನ್ನಿನಲ್ಲಿ ಮೂವತ್ತೇಳು ಗುರುತುಗಳಾದವು.